ಹ್ಯಾರಿಯೆಟ್ ಟಬ್ಮನ್ ಅಮ್ಮನ ಚರಿತ್ರೆ

ಅಮೇರಿಕಾ ದೇಶದ ನ್ಯೂಯಾರ್ಕ್ ಸಂಸ್ಥಾನದಲ್ಲಿ ಆಬರ್ನ್ ಎಂಬ ಒಂದು ಚಿಕ್ಕ ಪಟ್ಟಣವುಂಟು. ಆ ಪಟ್ಟಣದ ಅಂಚಿನಲ್ಲಿ ಹ್ಯಾರಿಯೆಟ್ ಟಬ್ಮನ್ ಎಂಬ ಕಪ್ಪು ಜನಾಂಗದ ಸ್ತ್ರೀಯೊಬ್ಬಳು ಸುಮಾರು ಐವತ್ತು ವರುಷಗಳ ಕಾಲ ಮನೆ ಮಾಡಿಕೊಂಡಿದ್ದಳು. ಆಕೆಗೆ ಓದು ಬರಹ ಬಾರದು. ಆಕೆಯ ಕೈಯಲ್ಲಿ ಹಣವು ಬಹುಕಾಲ ನಿಂತದ್ದೂ ಇಲ್ಲ. ಆದರೂ ಕುರುಡರು, ರೋಗಿಗಳು, ತಬ್ಬಲಿ ಮಕ್ಕಳು, ನೋಡುವವರಿಲ್ಲದ ಮುದುಕರು ಆ ಮನೆಯಲ್ಲಿ ಯಾವಾಗಲೂ ಇರುತ್ತಿದ್ದರು. ಈ ಅಮ್ಮನ ಹೆಸರನ್ನು ನಮ್ಮ ಓದುಗರಲ್ಲಿ ಕೆಲವರು ಬಲ್ಲರು; ತನ್ನ ಜನರನ್ನು ದಾಸತ್ವದಿಂದ ಬಿಡಿಸಿಕೊಂಡು ಬಂದ ಧೈರ್ಯಶಾಲಿನಿ ಎಂದು ಕೇಳಿರುವರು. ಆ ಸಂಗತಿಯನ್ನು ನಾವು ಇಲ್ಲಿ ಸಂಕ್ಷೇಪವಾಗಿ ಹೇಳಿ, ಆಕೆ ದಾದಿಯಾಗಿ ಮಾಡಿದ ಶುಶ್ರೂಷೆಯನ್ನೂ ಮುಪ್ಪಿನಲ್ಲಿ ನಡಿಸಿದ ಉಪಕಾರವನ್ನೂ ವಿವರಿಸುತ್ತೇವೆ. ಯಾಕಂದರೆ ಹೊಳೆಯನ್ನು ದಾಟಿಸಿದವಳೆಂದು ಆಕೆಯನ್ನು ಹೊಗಳುವವರು ಬಹುಮಂದಿ. ದಡ ಸೇರಿದ ಮೇಲೆ ಅವರಿಗೆ ಗಂಜಿಯನ್ನು ಕಾಸಿ ಕೊಟ್ಟವಳೆಂದು ನೆನಸುವವರು ಕಡಿಮೆ.

ಹ್ಯಾರಿಯೆಟಳು 1822ನೆಯ ಇಸವಿಯ ಸುಮಾರಿಗೆ ಮೇರಿಲ್ಯಾಂಡ್ ಸಂಸ್ಥಾನದ ಡಾರ್ಚೆಸ್ಟರ್ ಸೀಮೆಯಲ್ಲಿ ಹುಟ್ಟಿದಳು. ತಂದೆಯ ಹೆಸರು ಬೆನ್ ರಾಸ್, ತಾಯಿಯ ಹೆಸರು ರಿಟ್. ತಂದೆ ತಾಯಿಗಳು ಮಗುವಿಗೆ ಅರಮಿಂಟಾ ಎಂದು ಹೆಸರಿಟ್ಟು ಮಿಂಟಿ ಎಂದು ಕರೆಯುತ್ತಿದ್ದರು. ಅವರು ದಾಸರು. ಆ ಕಾಲದ ಆ ಸೀಮೆಯ ಕಾನೂನಿನ ಪ್ರಕಾರ ದಾಸಿಯ ಹೊಟ್ಟೆಯಲ್ಲಿ ಹುಟ್ಟಿದ ಮಗುವು ತಾಯಿಯ ಧಣಿಯ ಸೊತ್ತು. ಅವನು ಮನಸ್ಸು ಬಂದಾಗ ಅದನ್ನು ದನದ ಹಾಗೆ ಮಾರಬಹುದಾಗಿತ್ತು. ಮಿಂಟಿಯ ಮೂವರು ಅಕ್ಕಂದಿರು ಹೀಗೆಯೇ ದೂರಕ್ಕೆ ಮಾರಲ್ಪಟ್ಟರು. ಮನೆಯವರು ಅವರ ಮುಖವನ್ನು ಮತ್ತೆ ಕಾಣಲಿಲ್ಲ. ಕಡೇ ಮಗನನ್ನು ಕೊಳ್ಳುವದಕ್ಕೆ ವ್ಯಾಪಾರಿ ಬಂದಾಗ ಮಾತ್ರ ರಿಟ್ ಎಂಬ ಆ ತಾಯಿ ಮಗುವನ್ನು ಅಡವಿಯಲ್ಲಿ ಬಚ್ಚಿಟ್ಟು, ತನ್ನ ಗುಡಿಸಲೊಳಗೆ ಮೊದಲು ಕಾಲಿಡುವವನ ತಲೆಯನ್ನು ಒಡೆಯುವೆನೆಂದು ಬಾಗಿಲಲ್ಲಿ ನಿಂತಳು. ಧಣಿಯು ಹಿಂದೆಗೆದನು. ಆ ಹುಡುಗನ ಹೆಸರು ಮೋಶೆ ಎಂದಿತ್ತು. ಮಿಂಟಿಯು ಇದನ್ನೆಲ್ಲಾ ಅರಿತೇ ಬೆಳೆದಳು.

ಆಕೆಗೆ ಐದಾರು ವರುಷವಾದಾಗಲೇ ಸೂಸನ್ ಎಂಬ ಯಜಮಾನಿಯ ಮನೆಗೆ ಆಕೆಯನ್ನು ಬಾಡಿಗೆಗೆ ಕಳುಹಿಸಿದರು. ಅಲ್ಲಿಯ ಕೆಲಸವು ಕೂಸನ್ನು ನೋಡಿಕೊಳ್ಳುವದು. ರಾತ್ರಿಯೆಲ್ಲಾ ತೊಟ್ಟಿಲು ತೂಗಬೇಕು. ಕೂಸು ಅತ್ತು ಯಜಮಾನಿಗೆ ಎಚ್ಚರವಾದರೆ ಚಾವಟಿಯ ಪೆಟ್ಟು. ತಾನೇ ಇನ್ನೂ ಮಗುವಾಗಿದ್ದವಳು ನಿದ್ರೆ ತಡೆಯಲಾರದೆ ತೂಕಡಿಸುವಳು, ಕೂಸು ಅಳುವದು, ಪೆಟ್ಟು ಬೀಳುವದು. ಒಂದು ದಿನ ಬೆಳಗಿನ ಊಟಕ್ಕೆ ಮುಂಚೆಯೇ ಐದು ಸಾರಿ ಹೊಡಿಸಿಕೊಂಡಳಂತೆ. ಆ ಗಾಯಗಳ ಕಲೆಯು ಕಡೇ ವರೆಗೂ ಆಕೆಯ ಮೈಮೇಲೆ ಇತ್ತು. ಲೋಕವು ದಾದಿಯೆಂದು ಗೌರವಿಸಿದ ಈ ಸ್ತ್ರೀಯು ದಾದಿಯ ಕೆಲಸವನ್ನು ಮೊದಲು ಕಲಿತದ್ದು ಹೀಗೆ.

ಮುಂದೆ ಮತ್ತೊಬ್ಬನ ಮನೆಯಲ್ಲಿ, ಜೌಗುನೆಲದಲ್ಲಿ ನೀರಿಲಿಗಳಿಗೆ ಒಡ್ಡಿದ ಬೋನುಗಳನ್ನು ನೋಡಿಬರುವ ಕೆಲಸಕ್ಕೆ ಆಕೆಯನ್ನು ಇಟ್ಟರು. ಮೈಮೇಲೆ ದಡಾರ ಎದ್ದಿರುವಾಗಲೂ ಸೊಂಟದುದ್ದ ತಣ್ಣೀರಿನಲ್ಲಿ ಇಳಿಯಬೇಕಾಯಿತು. ಹುಡುಗಿಯು ಸಾಯುವ ಹಾಗಾದಾಗ ತಾಯಿಯ ಗುಡಿಸಲಿಗೆ ತಂದು ಬಿಟ್ಟರು. ರಿಟ್ ಆಕೆಯನ್ನು ಆರೈಕೆ ಮಾಡಿ ಬದುಕಿಸಿಕೊಂಡಳು. ಅನಂತರ, ಇನ್ನೂ ಹರೆಯ ತುಂಬದಿರುವಾಗ, ಬಕ್ಟೌನ್ ಎಂಬ ಹಳ್ಳಿಯ ಅಂಗಡಿಯಲ್ಲಿ ಆಕೆ ನಿಂತಿರಲಾಗಿ, ಓಡಿಹೋಗುತ್ತಿದ್ದ ಒಬ್ಬ ದಾಸನನ್ನು ತಡೆಯುವದಕ್ಕೆ ಮೇಸ್ತ್ರಿಯು ಎಸೆದ ಎರಡು ಪೌಂಡಿನ ತೂಕದ ಕಲ್ಲು ಗುರಿತಪ್ಪಿ ಆಕೆಯ ತಲೆಗೆ ಬಡಿಯಿತು. ತಲೆಬುರುಡೆಯು ಒಡೆಯಿತು. ಎರಡು ದಿನ ಔಷಧವಿಲ್ಲದೆ ಬಿದ್ದಿದ್ದಳು. ಮೂರನೆಯ ದಿನ ರಕ್ತವು ಸೋರುತ್ತಿದ್ದಾಗಲೇ ಹೊಲಕ್ಕೆ ಅಟ್ಟಿದರು. ಅಂದಿನಿಂದ ಸಾಯುವ ವರೆಗೆ ಆಕೆಗೆ ತಲೆನೋವೂ, ಇದ್ದಕ್ಕಿದ್ದ ಹಾಗೆ ನಿದ್ರೆಯು ಮುಚ್ಚಿಕೊಳ್ಳುವ ಒಂದು ಬೇನೆಯೂ ತಪ್ಪಲಿಲ್ಲ. ಮಾತಾಡುತ್ತಾ ಮಾತಾಡುತ್ತಾ ಕಣ್ಣು ಮುಚ್ಚಿ, ತುಸು ಹೊತ್ತಿನ ಮೇಲೆ ಎಚ್ಚತ್ತು ಬಿಟ್ಟ ಮಾತನ್ನು ಮುಂದುವರಿಸುವಳು. ಮುಂದೆ ನಾವು ಹೇಳುವದೆಲ್ಲಾ ಇಂಥಾ ತಲೆಯುಳ್ಳವಳು ಮಾಡಿದ್ದೆಂದು ಓದುಗರು ಮರೆಯಬಾರದು.

ತಂದೆಯ ಸಂಗಡ ಮರ ಕಡಿಯುವ ಕೆಲಸದಲ್ಲಿ ಆಕೆಗೆ ಅಡವಿಯ ಗುರುತು ಚೆನ್ನಾಗಿ ಆಯಿತು. ಯಾವ ಮರದ ತೊಗಟೆ ಯಾವದಕ್ಕೆ ಒಳ್ಳೇದು, ಯಾವ ಬೇರನ್ನು ಕುದಿಸಿ ಕುಡಿಯಬಹುದು ಎಂಬ ತಿಳುವಳಿಕೆಯೂ ಅಲ್ಲಿಯ ಜನರಲ್ಲಿತ್ತು. ತಾಯಿಯ ಬಾಯಿಂದ ಸತ್ಯವೇದದ ಕಥೆಗಳನ್ನು ಕೇಳಿ ಬಾಯಿಪಾಠ ಮಾಡಿಕೊಂಡಳು. 1844ರಲ್ಲಿ ಜಾನ್ ಟಬ್ಮನ್ ಎಂಬ ಸ್ವತಂತ್ರನನ್ನು ಮದುವೆಯಾದಳು. ಮದುವೆಯ ಸುಮಾರಿಗೆ ಹ್ಯಾರಿಯೆಟ್ ಎಂಬ ಹೆಸರನ್ನು ಇಟ್ಟುಕೊಂಡಳು. 1849ರಲ್ಲಿ ಧಣಿಯು ಸತ್ತು, ದಾಸರೆಲ್ಲಾ ಮಾರಲ್ಪಡುವರೆಂಬ ಸುದ್ದಿ ಹಬ್ಬಿದಾಗ ಇಬ್ಬರು ತಮ್ಮಂದಿರೊಂದಿಗೆ ಓಡಿಹೋದಳು. ಅವರು ಹೆದರಿ ಹಿಂದಿರುಗಿದರು. ಧಣಿಯ ವಿಧವೆಯು ಮೂವರನ್ನು ಹಿಡಿದುಕೊಟ್ಟವರಿಗೆ, ಸಂಸ್ಥಾನದ ಹೊರಗೆ ಸಿಕ್ಕಿದರೆ ತಲೆಗೆ 100 ಡಾಲರಿನಂತೆ 300 ಡಾಲರು ಕೊಡುವದಾಗಿ ಅಚ್ಚುಹಾಕಿಸಿದಳು. ಹ್ಯಾರಿಯೆಟಳು ಮತ್ತೆ ಒಬ್ಬಳೇ ಹೊರಟು, ರಾತ್ರಿ ಧ್ರುವನಕ್ಷತ್ರವನ್ನು ನೋಡಿ ನಡೆಯುತ್ತಾ, ಹಗಲು ಅಡಗಿಕೊಳ್ಳುತ್ತಾ, ಕ್ವೇಕರ್ ಸಭೆಯವರ ಸಹಾಯದಿಂದ ಸುಮಾರು 90 ಮೈಲಿ ದಾಟಿ ಪೆನ್ಸಿಲ್ವೇನಿಯಾ ಸಂಸ್ಥಾನವನ್ನು ಸೇರಿದಳು.

ಅಲ್ಲಿಂದ 1860ರ ವರೆಗೆ ಆಕೆ ಸುಮಾರು ಹದಿಮೂರು ಸಾರಿ ಹಿಂದಿರುಗಿ ಹೋಗಿ ಸುಮಾರು 70 ಮಂದಿಯನ್ನು ಕರೆತಂದಳು. ಮುನ್ನೂರು ಮಂದಿಯೆಂದು ಹಳೇ ಪುಸ್ತಕವೊಂದರಲ್ಲಿ ಇರುವದು. ದಾಖಲೆಗಳನ್ನು ಶೋಧಿಸಿದ ಪಂಡಿತರು ಅದು ಅತಿಶಯವೆಂದು ತೋರಿಸಿದ್ದಾರೆ. ನಿಜವಾದ ಎಪ್ಪತ್ತೇ ನಮಗೆ ಸಾಕು. 1850ರ ಕಾನೂನಿನಿಂದ ಉತ್ತರದ ಸಂಸ್ಥಾನಗಳಲ್ಲಿಯೂ ಓಡಿಬಂದವರಿಗೆ ಭದ್ರವಿಲ್ಲದೆ ಹೋದಕಾರಣ ಅನೇಕರನ್ನು ಕೆನಡಾ ದೇಶದ ಸೇಂಟ್ ಕ್ಯಾಥರಿನ್ಸ್ ಎಂಬ ಊರಿಗೆ ತಲಪಿಸಬೇಕಾಗಿತ್ತು. ದಾರಿಯಲ್ಲಿ ಕೂಸುಗಳು ಅಳದಂತೆ ಅಫೀಮು ಬೆರೆಸಿದ ಔಷಧವನ್ನು ಕೊಡುವಳು. ಜನರು ಆಕೆಗೆ ಮೋಶೆ ಎಂದೇ ಹೆಸರಿಟ್ಟರು. 1857ರಲ್ಲಿ ತನ್ನ ಮುದಿ ತಂದೆತಾಯಿಗಳನ್ನೂ ಬಿಡಿಸಿ ತಂದಳು. ಕೆನಡಾದ ಚಳಿಯನ್ನು ಅವರು ತಾಳಲಾರದೆ ಹೋದದ್ದರಿಂದ 1859ರಲ್ಲಿ ವಿಲ್ಲಿಯಮ್ ಸ್ಯೂವರ್ಡ್ ಎಂಬ ರಾಜಕಾರಣಿಯಿಂದ ಆಬರ್ನಿನಲ್ಲಿ ಏಳು ಎಕರೆ ನೆಲವನ್ನೂ ಮನೆಯನ್ನೂ 1,200 ಡಾಲರಿಗೆ ಸಾಲದ ಮೇಲೆ ಕೊಂಡುಕೊಂಡಳು. ನಾವು ಮೊದಲು ಹೇಳಿದ ಮನೆಯು ಇದೇ.

1861ರಲ್ಲಿ ಉತ್ತರದ ಸಂಸ್ಥಾನಗಳಿಗೂ, ದಾಸತ್ವವನ್ನು ಬಿಡಲೊಲ್ಲದ ದಕ್ಷಿಣದ ಸಂಸ್ಥಾನಗಳಿಗೂ ಯುದ್ಧವು ಹುಟ್ಟಿತು. ಅದೇ ವರುಷದ ನವೆಂಬರಿನಲ್ಲಿ ಉತ್ತರದವರ ಹಡಗುಗಳು ದಕ್ಷಿಣ ಕ್ಯಾರೊಲೈನಾದ ಪೋರ್ಟ್ ರಾಯಲ್ ಎಂಬ ರೇವನ್ನೂ ಸುತ್ತಲಿನ ದ್ವೀಪಗಳನ್ನೂ ಹಿಡಿದುಕೊಂಡವು. ಹತ್ತಿಯ ತೋಟಗಳ ಧಣಿಗಳು ಓಡಿಹೋದರು. ಅವರ ದಾಸರಲ್ಲಿ ಸುಮಾರು 10,000 ಮಂದಿ ಅಲ್ಲಿಯೇ ಉಳಿದರು. ಬೇರೆ ಕಡೆಯ ದಾಸರೂ ಗುಂಪುಗುಂಪಾಗಿ ತಪ್ಪಿಸಿಕೊಂಡು ಅಲ್ಲಿಗೆ ಬಂದು ಸೇರುತ್ತಿದ್ದರು. ಅವರಿಗೆ ಬಟ್ಟೆಯಿಲ್ಲ, ಹೊಟ್ಟೆಗಿಲ್ಲ. ರಕ್ತಭೇದಿ, ಸಿಡುಬು, ಚಳಿಜ್ವರಗಳು ಅವರ ಮೇಲೂ ದಂಡಿನವರ ಮೇಲೂ ಬಿದ್ದವು. ಆ ಯುದ್ಧದಲ್ಲಿ ಗುಂಡು ತಗಲಿ ಸತ್ತವರಿಗಿಂತ ರೋಗದಿಂದ ಸತ್ತವರೇ ಹೆಚ್ಚು ಎಂಬದು ಪ್ರಸಿದ್ಧವಾಗಿದೆ. 1862ರಲ್ಲಿ ಮ್ಯಾಸಚುಸೆಟ್ಸ್ ಸಂಸ್ಥಾನದ ಗವರ್ನರಾದ ಜಾನ್ ಆಂಡ್ರೂ ಎಂಬವರು ಹ್ಯಾರಿಯೆಟಳನ್ನು ಅಲ್ಲಿಗೆ ಕಳುಹಿಸಿದರು.

ಬ್ಯೂಫರ್ಟ್ ಎಂಬ ಊರಿನಲ್ಲಿ ಕಪ್ಪು ಜನರಿಗಾಗಿ ಇದ್ದ ಆಸ್ಪತ್ರೆಯಲ್ಲಿ ಆಕೆ ದಾದಿಯಾಗಿ ಸೇರಿದಳು. ಆ ಕೆಲಸವು ಎಂಥದೆಂದು ಆಕೆ ಮುಪ್ಪಿನಲ್ಲಿ ಕೇಳಿದವರಿಗೆ ಹೇಳುತ್ತಿದ್ದಳು. ಬೆಳಗಾಗುತ್ತಲೇ ಆಸ್ಪತ್ರೆಗೆ ಹೋಗಿ, ದೊಡ್ಡದೊಂದು ಮಂಜುಗಡ್ಡೆಯನ್ನು ತಟ್ಟೆಯಲ್ಲಿಟ್ಟು ಅದರ ಮೇಲೆ ನೀರು ಹೊಯ್ಯುವಳು. ಆ ತಣ್ಣೀರಿನಲ್ಲಿ ಅದ್ದಿದ ಬಟ್ಟೆಯಿಂದ ಒಬ್ಬೊಬ್ಬರ ಗಾಯಕ್ಕೆ ಮುತ್ತಿದ ನೊಣಗಳನ್ನು ಓಡಿಸಿ ತೊಳೆಯುತ್ತಾ ಬರುವಳು. ಮೂರು ನಾಲ್ಕು ಮಂದಿಯನ್ನು ತೊಳೆಯುವಷ್ಟರಲ್ಲಿ ಮಂಜುಗಡ್ಡೆಯು ಕರಗಿ ನೀರೆಲ್ಲಾ ಕೆಂಪಾಗುವದು. ಅದನ್ನು ಚೆಲ್ಲಿ ಮತ್ತೆ ತರುವಳು. ಸಾಲಿನ ಕಡೆಯವನನ್ನು ಮುಟ್ಟುವ ಹೊತ್ತಿಗೆ ಮೊದಲನೆಯವನ ಮೇಲೆ ನೊಣಗಳು ಮತ್ತೆ ಕವಿದುಕೊಂಡಿರುವವು. ಸಿಡುಬಿನವರ ಹತ್ತಿರ ಇತರರು ಹೋಗಲು ಹೆದರುವಾಗ ಈಕೆ ಹೋಗಿ ಅವರ ಮೈ ತೊಳೆದಳು. ಆ ರೋಗವು ಆಕೆಗೆ ಅಂಟಲಿಲ್ಲ.

ರಕ್ತಭೇದಿಗೆ ವೈದ್ಯರ ಔಷಧವು ಹಿಡಿಯದಿದ್ದಾಗ ಆಕೆ ತಾನು ಅರಿತಿದ್ದ ಬೇರುಗಳನ್ನು ನೀರಿನ ದಡದಲ್ಲಿ ಹುಡುಕಿ ಅಗೆದು ತಂದು ಕಷಾಯ ಮಾಡಿ ಕುಡಿಸಿದಳು. ಅನೇಕರು ಚೇತರಿಸಿಕೊಂಡರು. ಈ ಸುದ್ದಿಯು ಹಬ್ಬಿ, ಫ್ಲಾರಿಡಾ ಸಂಸ್ಥಾನದ ಫರ್ನಾಂಡಿನಾ ಎಂಬಲ್ಲಿ ದಂಡಿನವರು ಅದೇ ರೋಗದಿಂದ ಸಾಯುತ್ತಿರುವಾಗ ಅಲ್ಲಿಯ ದಂಡಿನ ವೈದ್ಯನು ಆಕೆಯನ್ನು ಕರೆಯಿಸಿಕೊಂಡನು. ಓದು ಕಲಿತ ವೈದ್ಯನು ಓದು ಬಾರದ ದಾಸಿಯಾಗಿದ್ದವಳನ್ನು ಕರೆಯಿಸಿಕೊಂಡದ್ದು ಅವನಿಗೂ ಶೋಭೆಯೆಂದು ನಾವು ಎಣಿಸುತ್ತೇವೆ.

ಈಗ ಒಂದು ಚಿಕ್ಕ ಸಂಗತಿಯನ್ನು ಹೇಳಬೇಕು. ಮೊದಮೊದಲು ಆಕೆಗೆ ದಂಡಿನವರಿಗೆ ಕೊಡುವಂತೆ ಸರಕಾರದಿಂದ ಆಹಾರದ ಪಡಿಯು ದೊರೆಯುತ್ತಿತ್ತು. ಬಿಡುಗಡೆಯಾಗಿ ಬಂದ ಬಡವರು ಅದನ್ನು ನೋಡಿ, ತಮಗಿಲ್ಲದ್ದು ಈಕೆಗೆ ಮಾತ್ರ ಯಾಕೆಂದು ಗುಣುಗುಟ್ಟಿದರು. ಆಕೆ ವಾದಕ್ಕೆ ಹೋಗಲಿಲ್ಲ, ಪಡಿಯನ್ನು ಬಿಟ್ಟುಬಿಟ್ಟಳು. ಆ ಮೇಲೆ ಹೊಟ್ಟೆಪಾಡೇನು? ಹಗಲೆಲ್ಲಾ ಆಸ್ಪತ್ರೆಯಲ್ಲಿ ದುಡಿದು, ರಾತ್ರಿ ತನ್ನ ಗುಡಿಸಲಿಗೆ ಬಂದು, ಒಲೆಯ ಮುಂದೆ ಕೂತು ಹಣ್ಣಿನ ಕಡುಬಿನಂಥ ಪೈ ಎಂಬ ಭಕ್ಷ್ಯವನ್ನು ಐವತ್ತರಷ್ಟು ಸುಡುವಳು. ಶುಂಠಿಯ ರೊಟ್ಟಿಯನ್ನೂ ಬೇರಿನ ಪಾನಕವನ್ನೂ ಮಾಡುವಳು. ಮರುದಿನ ಬೇರೊಬ್ಬನು ಅವುಗಳನ್ನು ದಂಡಿನ ಪಾಳೆಯದಲ್ಲಿ ಮಾರಿ ಬರುವನು. ಹೀಗೆ ಬಂದದ್ದೇ ಆಕೆಯ ಜೀವನ. ಮೂರು ವರುಷಗಳ ದುಡಿಮೆಗೆ ಸರಕಾರದಿಂದ ಆಕೆಗೆ ಬಂದ ಹಣವು 200 ಡಾಲರು ಮಾತ್ರವೇ. ಅದನ್ನೂ ತನಗೆ ಇಟ್ಟುಕೊಳ್ಳದೆ ಬಟ್ಟೆ ಒಗೆಯುವ ಒಂದು ಮನೆಯನ್ನು ಕಟ್ಟಿಸಿ, ಬಿಡುಗಡೆಯಾದ ಹೆಂಗಸರು ದಂಡಿನವರ ಬಟ್ಟೆ ಒಗೆದು ಸಂಪಾದಿಸುವಂತೆ ಅವರಿಗೆ ಕೆಲಸ ಕಲಿಸಿದಳು.

ದಾದಿಯ ಕೆಲಸದೊಂದಿಗೆ ಬೇಹುಗಾರಿಕೆಯನ್ನೂ ಆಕೆ ಮಾಡಿದಳು. 1863ನೆಯ ಇಸವಿ ಜೂನ್ 1ನೆಯ ತಾರೀಖು ರಾತ್ರಿ ಕರ್ನಲ್ ಮಾಂಟ್ಗೊಮರಿಯವರ ದಂಡಿನೊಂದಿಗೆ ಕೊಂಬಾಹಿ ಎಂಬ ನದಿಯಲ್ಲಿ ಹಡಗುಗಳನ್ನು ನಡಿಸಿ, ಮರುದಿನ 700ಕ್ಕಿಂತ ಹೆಚ್ಚು ಮಂದಿ ದಾಸರನ್ನು ಬಿಡಿಸಿ ತಂದ ಕಥೆಯನ್ನು ಯುದ್ಧಚರಿತ್ರೆಗಳಲ್ಲಿ ಓದಬಹುದು. ಆ ಚರಿತ್ರೆಗಳು ಬಿಟ್ಟುಬಿಡುವ ಒಂದು ಮಾತನ್ನು ನಾವು ಸೇರಿಸುತ್ತೇವೆ. ಜನರು ದಡಕ್ಕೆ ಓಡಿಬರುವಾಗ ಕೂಸನ್ನು ಹೊತ್ತಿದ್ದ ರೋಗಿಷ್ಠೆಯೊಬ್ಬಳ ಎರಡು ಹಂದಿಮರಿಗಳನ್ನು ಹ್ಯಾರಿಯೆಟಳು ತಾನೇ ಎತ್ತಿಕೊಂಡು ಓಡಲಾಗಿ, ಉದ್ದನೆಯ ಲಂಗವನ್ನು ಮೆಟ್ಟಿ ಬಿದ್ದು ಅದು ಹರಿದು ಚಿಂದಿಯಾಯಿತು. ಆ ಮೇಲೆ ಆಕೆ ಬಾಸ್ಟನಿನ ಸ್ನೇಹಿತರಿಗೆ ಕಾಗದ ಬರೆಯಿಸಿ, ಇಂಥಾ ಕೆಲಸಕ್ಕೆ ತಕ್ಕ ಷರಾಯಿಯಂಥ ಉಡುಪೊಂದನ್ನು ಕಳುಹಿಸಬೇಕೆಂದು ಕೇಳಿಕೊಂಡಳು.

1865ರಲ್ಲಿ ವರ್ಜೀನಿಯಾದ ಫೋರ್ಟ್ ಮನ್ರೋ ಆಸ್ಪತ್ರೆಯಲ್ಲಿಯೂ ಕೆಲವು ಕಾಲ ಶುಶ್ರೂಷೆ ಮಾಡಿ, ಯುದ್ಧವು ತೀರಿದ ಮೇಲೆ ಆಕೆ ರೈಲಿನಲ್ಲಿ ಊರಿಗೆ ಹೊರಟಳು. ದಂಡಿನ ಕೆಲಸದವರಿಗೆ ಕೊಡುವ ಅರ್ಧ ದರದ ಚೀಟಿಯು ಆಕೆಯ ಕೈಯಲ್ಲಿತ್ತು. ಕಪ್ಪು ಹೆಂಗಸಿಗೆ ಇಂಥಾ ಚೀಟಿ ಎಲ್ಲಿಯದೆಂದು ಗಾಡಿಯ ಅಧಿಕಾರಿಯು ನಂಬದೆ, ಬೇರೆಯವರನ್ನು ಸಹಾಯಕ್ಕೆ ಕರೆದು ಆಕೆಯನ್ನು ಎಳೆದು ಬೇರೆ ಡಬ್ಬಿಗೆ ದೂಡಿಸಿದನು. ತೋಳಿಗೆ ಬಲವಾದ ಪೆಟ್ಟಾಯಿತು. ಅಷ್ಟು ಮಂದಿಯ ಗಾಯಗಳನ್ನು ತೊಳೆದವಳು ತನ್ನ ಕೈಯನ್ನು ಕಟ್ಟಿಕೊಂಡು ಮನೆ ಸೇರಿದಳು. ಆ ಚಳಿಗಾಲವೆಲ್ಲಾ ದುಡಿಯಲಾರದೆ ಹೋದಳು.

ಮನೆಯಲ್ಲಿ ಮುದಿ ತಂದೆತಾಯಿಗಳಿದ್ದರು. ತಂದೆ 1871ರಲ್ಲಿಯೂ ತಾಯಿ 1880ರಲ್ಲಿಯೂ ಮಗಳ ಆರೈಕೆಯಲ್ಲಿಯೇ ತೀರಿಕೊಂಡರು. ಮೊದಲನೆಯ ಗಂಡನು ಆಕೆಯನ್ನು ಬಿಟ್ಟು ಎಂದೋ ಬೇರೆ ಮದುವೆಯಾಗಿದ್ದನು. ಅವನು 1867ರಲ್ಲಿ ಕೊಲ್ಲಲ್ಪಟ್ಟ ಮೇಲೆ, 1869ರಲ್ಲಿ ನೆಲ್ಸನ್ ಡೇವಿಸ್ ಎಂಬ ದಂಡಿನವನನ್ನು ಆಕೆ ಮದುವೆಯಾದಳು. ಅವನು ಆಕೆಗಿಂತ ಇಪ್ಪತ್ತು ವರುಷಗಳಿಗೂ ಹೆಚ್ಚು ಕಿರಿಯನು, ಕ್ಷಯರೋಗದವನು. ಇಟ್ಟಿಗೆಯ ಕೆಲಸವನ್ನು ಆದಷ್ಟು ಮಾಡಿ 1888ರಲ್ಲಿ ಸತ್ತನು. ಇವರಿಬ್ಬರೂ ಗರ್ಟಿ ಎಂಬ ಹೆಣ್ಣು ಮಗುವನ್ನು ದತ್ತು ತಕ್ಕೊಂಡಿದ್ದರು. ಇವರಲ್ಲದೆ ನಂಟರು, ನಂಟರ ನಂಟರು, ಯಾರ ನಂಟರೂ ಅಲ್ಲದವರು. ಹ್ಯಾರಿಯೆಟಮ್ಮನು ಕಾಯಿಪಲ್ಯಗಳನ್ನು ಬೆಳೆದು ಊರೊಳಗೆ ಹೊತ್ತು ಮಾರುವಳು, ಹಂದಿ ಕೋಳಿಗಳನ್ನು ಸಾಕುವಳು, ಬೇರೆಯವರ ಮನೆಯಲ್ಲಿ ಕೂಲಿಗೆ ದುಡಿಯುವಳು. ಪಟ್ಟಣದವರು ಆಕೆಯನ್ನು ಹ್ಯಾರಿಯೆಟ್ ಅತ್ತೆ ಎಂದೇ ಕರೆಯುತ್ತಿದ್ದರು. ಸಾರಾ ಬ್ರಾಡ್ಫರ್ಡ್ ಎಂಬ ದೊರೆಸಾನಿಯು 1869ರಲ್ಲಿ ಆಕೆಯ ಚರಿತ್ರೆಯನ್ನು ಪುಸ್ತಕವಾಗಿ ಬರೆದು, ಅದರಿಂದ ಬಂದ ಸುಮಾರು 1,200 ಡಾಲರನ್ನು ಆಕೆಗೆ ಕೊಟ್ಟಳು. ಸಾಲ ತೀರಿತು, ಮತ್ತೆ ಸಾಲವಾಯಿತು.

ಆಕೆ ಮೋಸಹೋದದ್ದನ್ನೂ ನಾವು ಮರೆಮಾಡುವದಿಲ್ಲ. 1873ರಲ್ಲಿ ಇಬ್ಬರು ಗಂಡಸರು ಬಂದು, ದಕ್ಷಿಣದ ಧಣಿಯೊಬ್ಬನು ಬಚ್ಚಿಟ್ಟ ಚಿನ್ನವು ತಮ್ಮ ಬಳಿಯಲ್ಲಿರುವದೆಂದೂ ಕಾಗದದ ಹಣವಾಗಿ 2,000 ಡಾಲರು ಕೊಟ್ಟರೆ ಅದಕ್ಕಿಂತ ಬಹಳ ಹೆಚ್ಚು ಬೆಲೆಯ ಚಿನ್ನವನ್ನು ಕೊಡುವೆವೆಂದೂ ನಂಬಿಸಿದರು. ಯುದ್ಧಕಾಲದಲ್ಲಿ ಧಣಿಗಳು ಬೆಳ್ಳಿಬಂಗಾರವನ್ನು ಹೂಳಿಟ್ಟದ್ದು ಆಕೆಗೆ ತಿಳಿದಿತ್ತಾದಕಾರಣ ನಂಬಿದಳು. ಊರಿನ ಶ್ರೀಮಂತನೊಬ್ಬನಿಂದ ಹಣವನ್ನು ತಂದು ಅಡವಿಗೆ ಹೋದಾಗ, ಆ ಕಳ್ಳರು ಔಷಧದಿಂದ ಆಕೆಯ ಪ್ರಜ್ಞೆ ತಪ್ಪಿಸಿ, ಕೈಕಾಲು ಬಾಯಿ ಕಟ್ಟಿ, ಹಣವನ್ನು ಕಸಕೊಂಡು ಓಡಿಹೋದರು. ಊರವರಲ್ಲಿ ಕೆಲವರು ನಕ್ಕರು. ಅಡವಿಯಲ್ಲಿ ಎಪ್ಪತ್ತು ಮಂದಿಯನ್ನು ನಡಿಸಿದವಳು ಅಡವಿಯಲ್ಲಿಯೇ ಮೋಸಹೋದಳಲ್ಲಾ ಎಂದು ನಮಗೂ ತೋರುವದು. ಆದರೆ ಬಾಗಿಲನ್ನು ಯಾವಾಗಲೂ ತೆರೆದಿಡುವವರ ಮನೆಗೆ ಇಂಥವರೂ ಒಂದೊಂದು ಸಾರಿ ಬರುತ್ತಾರೆ. ಆ ಮೇಲೆಯೂ ಆಕೆ ಬಾಗಿಲನ್ನು ಮುಚ್ಚಿಕೊಳ್ಳಲಿಲ್ಲ.

ಸರಕಾರವು ಆಕೆಗೆ ಕೊಡಬೇಕಾದ ಸಂಬಳದ ವಿಷಯವೇನಾಯಿತೆಂದು ಓದುಗರು ಕೇಳಬಹುದು. ಯುದ್ಧವು ತೀರಿದಂದಿನಿಂದಲೇ ಸ್ನೇಹಿತರು ಅರ್ಜಿಗಳನ್ನು ಕಳುಹಿಸುತ್ತಿದ್ದರು. ಆಬರ್ನಿನ ಚಾರ್ಲ್ಸ್ ವುಡ್ ಎಂಬವರು ದಂಡಿನ ಅಧಿಕಾರಿಗಳ ಕಾಗದಗಳನ್ನೆಲ್ಲಾ ಕೂಡಿಸಿ ಲೆಕ್ಕವನ್ನು ಬರೆದರು. ಆಕೆ ಕೇಳಿದ್ದು 1,800 ಡಾಲರು. 1874ರಲ್ಲಿ 2,000 ಡಾಲರು ಕೊಡಬೇಕೆಂಬ ಮಸೂದೆಯು ಕಾಂಗ್ರೆಸಿನ ಕೆಳಗಿನ ಸಭೆಯಲ್ಲಿ ಒಪ್ಪಲ್ಪಟ್ಟು, ಮೇಲಿನ ಸಭೆಯಲ್ಲಿ ಬಿದ್ದುಹೋಯಿತು. ಆಕೆಯ ಹೆಸರು ಯಾವ ಸಂಬಳದ ಪಟ್ಟಿಯಲ್ಲಿಯೂ ಕ್ರಮವಾಗಿ ಬರೆಯಲ್ಪಟ್ಟಿರಲಿಲ್ಲವೆಂಬದೇ ಅಡ್ಡಿ. ಗಂಡನು ಸತ್ತ ಮೇಲೆ, ದಂಡಿನವನ ವಿಧವೆಯೆಂದು 1895ರಲ್ಲಿ ತಿಂಗಳಿಗೆ 8 ಡಾಲರಿನ ಪಿಂಚಣಿಯಾಯಿತು. ಆಕೆಯ ಸ್ವಂತ ದುಡಿಮೆಗೆ ಇನ್ನೂ ಏನೂ ಇರಲಿಲ್ಲ. ಕಡೆಗೆ 1899ರಲ್ಲಿ ಕಾಂಗ್ರೆಸ್ ಸಭೆಯಲ್ಲಿ ಮತ್ತೆ ಚರ್ಚೆಯಾಗಿ, ಕೆಳಗಿನ ಸಭೆಯವರು 25 ಡಾಲರು ಎನ್ನಲು, ಮೇಲಿನವರು ದಾದಿಯರ ಪಿಂಚಣಿಯು 12 ಡಾಲರು, ವಿಧವೆಯ ಪಿಂಚಣಿಯು 8 ಡಾಲರು, ಕೂಡಿದರೆ 20 ಎಂದು ಲೆಕ್ಕಮಾಡಿ ಅಷ್ಟಕ್ಕೇ ನಿಲ್ಲಿಸಿದರು. ಯುದ್ಧವು ತೀರಿ 34 ವರುಷಗಳಾಗಿದ್ದವು. ಆಕೆಗೆ 77 ವರುಷ ಪ್ರಾಯವಾಗಿತ್ತು. ಬೇಹುಗಾರಿಕೆಗೆ ಬೇರೆ ಏನೂ ದೊರೆಯಲಿಲ್ಲ. ಗಾಯ ತೊಳೆದದ್ದಕ್ಕೆ ಮಾತ್ರ ಬೆಲೆ ಕಟ್ಟಲಾಯಿತು. ಆ ಹಣವೂ ಬಂದ ಹಾಗೆಯೇ ಮನೆಯಲ್ಲಿದ್ದವರ ಹಿಟ್ಟಿಗೂ ಸೌದೆಗೂ ಹೋಗುತ್ತಿತ್ತು. 1897ರಲ್ಲಿ ಬಾಸ್ಟನ್ ಪಟ್ಟಣದವರು ಆಕೆಯ ಗೌರವಾರ್ಥವಾಗಿ ಕೂಟಗಳನ್ನು ಮಾಡಿದಾಗ, ಆಕೆ ರೈಲಿನ ಚೀಟಿಗಾಗಿ ಒಂದು ಹಸುವನ್ನು ಮಾರಬೇಕಾಯಿತಂತೆ. ಅದೇ ಕಾಲದಲ್ಲಿ ಇಂಗ್ಲಂಡಿನ ವಿಕ್ಟೋರಿಯಾ ರಾಣಿಯು ಆಕೆಗೆ ಒಂದು ಶಾಲನ್ನು ಕಳುಹಿಸಿದ್ದಳು.

ತಾನು ಸತ್ತ ಮೇಲೆ ಈ ಮುದುಕರನ್ನು ನೋಡುವವರು ಯಾರೆಂಬ ಚಿಂತೆಯು ಆಕೆಯನ್ನು ಬಹಳ ವರುಷಗಳಿಂದ ಬಾಧಿಸುತ್ತಿತ್ತು. ದಾಸತ್ವದಲ್ಲಿ ದುಡಿದು ಸವೆದ ಕಪ್ಪು ಜನರಿಗೆ ಮುಪ್ಪಿನಲ್ಲಿ ಗಂಟೂ ಇಲ್ಲ, ಮಾರಲ್ಪಟ್ಟ ಮಕ್ಕಳ ನೆಲೆಯೂ ತಿಳಿಯದು. ಆದದರಿಂದ ಅವರಿಗಾಗಿ ಒಂದು ಆಶ್ರಮವನ್ನು ಮಾಡಬೇಕೆಂದು ಆಕೆ ಮನಸ್ಸಿನಲ್ಲಿ ನಿಶ್ಚಯಿಸಿದ್ದಳು. 1896ರಲ್ಲಿ ತನ್ನ ಮನೆಗೆ ಹೊಂದಿದ 25 ಎಕರೆ ನೆಲವೂ ಅದರಲ್ಲಿದ್ದ ಕಟ್ಟಡಗಳೂ ಹರಾಜಿಗೆ ಬಂದವು. ಕೊಳ್ಳುವದಕ್ಕೆ ಬಂದವರೆಲ್ಲಾ ಬಿಳಿಯರು. ಈ ಮುದುಕಿಯೊಬ್ಬಳು ಮೂಲೆಯಲ್ಲಿ ಕೂತಿದ್ದಳು. ಸವಾಲು ಏರುತ್ತಾ ಹೋಯಿತು. ಏರಿಸುತ್ತಿರುವವರು ಯಾರೆಂದು ಜನರು ತಿರುಗಿ ತಿರುಗಿ ನೋಡಿದರು. 1,450 ಡಾಲರಿಗೆ ಸವಾಲು ನಿಂತಾಗ, ಕೂಗಿದವಳು ಹ್ಯಾರಿಯೆಟಮ್ಮನೆಂದು ತಿಳಿದುಬಂತು. ಹಣವೆಲ್ಲಿ ಎಂದು ಕೇಳಿದರೆ, ಕರ್ತನಿಗೆ ಹೇಳುತ್ತೇನೆಂದು ಉತ್ತರ ಕೊಟ್ಟು ನೇರವಾಗಿ ಬ್ಯಾಂಕಿಗೆ ಹೋಗಿ, ಅದೇ ನೆಲವನ್ನು ಅಡವಿಟ್ಟು ಸಾಲ ತಂದಳು. ಆಕೆಯ ಸಭೆಯವರೂ ಸಹಾಯ ಮಾಡಿದರು. ಪ್ರಾರ್ಥನೆಯೂ ಬ್ಯಾಂಕೂ ಒಂದಕ್ಕೊಂದು ವಿರೋಧವೆಂದು ಆಕೆಗೆ ತೋರಲಿಲ್ಲ.

ನೆಲವಾಯಿತು, ಆದರೆ ಸಾಲದ ಬಡ್ಡಿಯೂ ತೆರಿಗೆಯೂ ಆಕೆಯ ಶಕ್ತಿಗೆ ಮೀರಿದವು. ಆಕೆಯ ತಲೆಯ ಬೇನೆಯೂ ಹೆಚ್ಚಿತು. ಬಾಸ್ಟನಿನ ಆಸ್ಪತ್ರೆಗೆ ತಾನಾಗಿ ಹೋಗಿ ತಲೆಬುರುಡೆಯನ್ನು ತೆರೆಯಿಸಿಕೊಂಡು, ಮತ್ತು ಬರುವ ಔಷಧವನ್ನು ಬೇಡವೆಂದು, ಯುದ್ಧದಲ್ಲಿ ಕಾಲು ಕಡಿಸಿಕೊಳ್ಳುವ ದಂಡಿನವರು ಮಾಡುತ್ತಿದ್ದ ಹಾಗೆ ಸೀಸದ ಗುಂಡನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಮಲಗಿದಳೆಂದು ಆಕೆಯೇ ಹೇಳುತ್ತಿದ್ದಳು. 1903ರಲ್ಲಿ ನೆಲವನ್ನೂ ಅದರ ಸಾಲವನ್ನೂ ತಾನು ಸೇರಿದ್ದ ಆಫ್ರಿಕನ್ ಮೆಥೊಡಿಸ್ಟ್ ಎಪಿಸ್ಕೊಪಲ್ ಜಿಯಾನ್ ಸಭೆಗೆ ಬರೆದುಕೊಟ್ಟು, ಆಶ್ರಮವನ್ನು ನಡಿಸಬೇಕೆಂದು ಒಪ್ಪಿಸಿದಳು.

ಸಭೆಯವರು ಹಣವನ್ನು ಕೂಡಿಸುವದಕ್ಕೆ ಐದು ವರುಷ ಹಿಡಿಯಿತು. ಖರ್ಚನ್ನು ತೂಗಿಸುವದಕ್ಕೋಸ್ಕರ, ಸೇರುವವರು ಮುಂದಾಗಿ 100 ಡಾಲರು ಕೊಡಬೇಕೆಂಬ ನಿಯಮವನ್ನು ಮಾಡಿದರು. ಹ್ಯಾರಿಯೆಟಮ್ಮನಿಗೆ ಇದರಿಂದ ಬಹಳ ದುಃಖವೂ ಕೋಪವೂ ಬಂದವು. ನಿಯಮವು ಬೇಕೇ ಬೇಕಾದರೆ, ಕೈಯಲ್ಲಿ ಏನೂ ಇಲ್ಲದವರನ್ನೇ ಸೇರಿಸಬೇಕೆಂಬ ನಿಯಮವಿರಲಿ ಎಂಬದು ಆಕೆಯ ಮತವಾಗಿತ್ತು. ನಾವು ಈ ವಿಷಯವನ್ನು ಎರಡು ಕಡೆಯಿಂದಲೂ ಯೋಚಿಸಿದ್ದೇವೆ. ಸಭೆಯ ಹಿರಿಯರು ದುಷ್ಟರಲ್ಲ. ಸೌದೆ, ಹಿಟ್ಟು, ಔಷಧಗಳಿಗೆ ಹಣವಿಲ್ಲದೆ ಆಶ್ರಮವು ನಡೆಯದೆಂದು ಲೆಕ್ಕವನ್ನು ಇಡುವವರೆಲ್ಲರೂ ಬಲ್ಲರು. ಆದರೆ 100 ಡಾಲರು ಕೂಡಿಸಿಟ್ಟ ಮುದುಕನಿಗೆ ಎಲ್ಲಿಯಾದರೂ ಒಂದು ಮೂಲೆ ದೊರೆತೀತು. ಹ್ಯಾರಿಯೆಟಮ್ಮನ ಬಾಗಿಲಿಗೆ ಬರುತ್ತಿದ್ದವರು ಅವರಲ್ಲ. ತನ್ನ ತಲೆಗೆ 100 ಡಾಲರೆಂದು ಅಚ್ಚುಹಾಕಿಸಿದ ಕಾಗದವನ್ನು ಕಂಡ ಲೋಕದಲ್ಲಿ ಬದುಕಿದವಳಿಗೆ, ಮನುಷ್ಯರಿಗೂ ಡಾಲರಿಗೂ ಗಂಟುಹಾಕುವದು ಹಿಡಿಸದೆ ಹೋದದ್ದು ಆಶ್ಚರ್ಯವಲ್ಲ.

1908ನೆಯ ಇಸವಿ ಜೂನ್ 23ನೆಯ ತಾರೀಖಿನಲ್ಲಿ ಆಶ್ರಮವು ತೆರೆಯಲ್ಪಟ್ಟಿತು. ಆಕೆಗೆ ಆಗ ಸುಮಾರು 86 ವರುಷ. ಅಲ್ಲಿದ್ದ ಒಂದು ಕಟ್ಟಡಕ್ಕೆ, ದಾಸರ ಬಿಡುಗಡೆಗೋಸ್ಕರ 1859ರಲ್ಲಿ ಗಲ್ಲಿಗೇರಿದ ಜಾನ್ ಬ್ರೌನ್ ಎಂಬವನ ಹೆಸರನ್ನು ಇಟ್ಟರು. ಅವನು ಆಕೆಯ ಸ್ನೇಹಿತನಾಗಿದ್ದನು. ಆಶ್ರಮದಲ್ಲಿ ಒಮ್ಮೆಗೆ ಇದ್ದವರು ಕೆಲವರೇ. ಪಕ್ಕದ ತನ್ನ ಇಟ್ಟಿಗೆಯ ಮನೆಯಲ್ಲಿ ಹ್ಯಾರಿಯೆಟಮ್ಮನು ಎಂದಿನಂತೆ ಬಂದವರನ್ನು ಇಟ್ಟುಕೊಂಡೇ ಇದ್ದಳು.

1911ರಲ್ಲಿ ಶರೀರವು ಪೂರಾ ಕುಗ್ಗಿ, ಕೈಯಲ್ಲಿ ಕಾಸಿಲ್ಲದೆ, ಆಕೆ ತಾನು ಸ್ಥಾಪಿಸಿದ ಆಶ್ರಮಕ್ಕೆ ತಾನೇ ರೋಗಿಯಾಗಿ ಸೇರಿದಳು. ಪತ್ರಿಕೆಗಳಲ್ಲಿ ಈ ಸಂಗತಿಯನ್ನು ಓದಿದ ಸ್ನೇಹಿತರು ಹಣವನ್ನು ಕಳುಹಿಸಿದರು. ಎರಡು ವರುಷ ಬೇರೆಯವರ ಕೈಯ ಶುಶ್ರೂಷೆಯಲ್ಲಿದ್ದಳು. 1913ನೆಯ ಇಸವಿ ಮಾರ್ಚ್ 10ನೆಯ ತಾರೀಖಿನಲ್ಲಿ ಶ್ವಾಸಕೋಶದ ಜ್ವರದಿಂದ, ನಂಟರೂ ಸಭೆಯವರೂ ಸುತ್ತಲೂ ಕೂಡಿರಲಾಗಿ, ನಿದ್ರೆಹೋದಳು. ಆಬರ್ನಿನ ಫೋರ್ಟ್ ಹಿಲ್ ಸ್ಮಶಾನದಲ್ಲಿ ದಂಡಿನ ಮರ್ಯಾದೆಯೊಂದಿಗೆ ಆಕೆಯನ್ನು ಹೂಣಿಟ್ಟರು. ಮರುವರುಷ ಪಟ್ಟಣದವರು ಆಕೆಯ ಹೆಸರಿನಲ್ಲಿ ಕಂಚಿನ ಫಲಕವನ್ನು ಸ್ಥಾಪಿಸಿದರು. ಆ ದಿನ ಬುಕರ್ ವಾಷಿಂಗ್ಟನ್ ಎಂಬ ಪ್ರಸಿದ್ಧ ಉಪಾಧ್ಯಾಯರು ಬಂದು ಮಾತಾಡಿದರು. ಆಕೆಯ ಮನೆಯೂ ಆಶ್ರಮವೂ ಸಭಾಮಂದಿರವೂ 2017ರಲ್ಲಿ ಅಮೇರಿಕಾದ ರಾಷ್ಟ್ರೀಯ ಸ್ಮಾರಕಗಳಲ್ಲಿ ಸೇರಿದವು. 2024ನೆಯ ಇಸವಿ ನವೆಂಬರಿನಲ್ಲಿ ಮೇರಿಲ್ಯಾಂಡ್ ಸಂಸ್ಥಾನದವರು ತಮ್ಮ ದಂಡಿನಲ್ಲಿ ಆಕೆಗೆ ಬ್ರಿಗೇಡಿಯರ್ ಜನರಲ್ ಎಂಬ ಪದವಿಯನ್ನು ಕೊಟ್ಟರು. ತಿಂಗಳಿಗೆ 20 ಡಾಲರಿನ ಆ ಪಿಂಚಣಿಯನ್ನು ಆಕೆ ಬದುಕಿರುವ ವರೆಗೂ ತಕ್ಕೊಳ್ಳುತ್ತಿದ್ದಳು.